ದಾವಣಗೆರೆಯಿಂದ ರೈಯೋಲಿಗೆ: ಡೈನೋಸಾರ್ ಮೊಟ್ಟೆ ನೋಡಲು ಹೊರಡುವವರಿಗೆ

ಇದೆಲ್ಲ ಶುರುವಾಗಿದ್ದು ದುರ್ಗದ ಕೋಟೆಯಲ್ಲಿ, ಓಬವ್ವನ ಕಿಂಡಿಯ ಮುಂದೆ. ಮೂರನೇ ಕ್ಲಾಸಿನ ನನ್ನ ಮಗ ಕಿಂಡಿಯೊಳಗೆ ತಲೆ ತೂರಿಸಿ ಕೇಳಿದ: "ಅಪ್ಪಾ, ಇಲ್ಲಿ ಡೈನೋಸಾರ್ ನುಗ್ಗೋಕೆ ಆಗ್ತಿತ್ತಾ?" ಜೊತೆಗಿದ್ದ ಅಕ್ಕನ ಮಗಳಿಗೆ ಸಿಟ್ಟು ಬಂತು. ಅವಳು ಏಳನೇ ಕ್ಲಾಸು. "ಡೈನೋಸಾರ್ ಇದ್ದಾಗ ಕೋಟೆ ಎಲ್ಲಿತ್ತೋ ದಡ್ಡ?" ಅಂದಳು. ಅವನು ಬಿಡಲಿಲ್ಲ. "ಕೋಟೆ ಇರ್ಲಿಲ್ಲ, ಕಲ್ಲು ಇತ್ತಲ್ಲ."

ಅವನು ಹೇಳಿದ್ದೇ ಸರಿ. ಕಲ್ಲು ಇತ್ತು. ಆದರೆ ಆ ಕಲ್ಲಲ್ಲಿ ಡೈನೋಸಾರ್ ಹುಡುಕಿದರೆ ಸಿಗಲ್ಲ. ಅದಕ್ಕೆ ನಾವು ಗುಜರಾತಿನ ರೈಯೋಲಿಗೆ ಹೋಗಬೇಕಾಯಿತು. ಡೈನೋಸಾರ್ ಮೂಳೆ, ಮೊಟ್ಟೆಗಳು ಸಿಕ್ಕ ಜಾಗದಲ್ಲೇ ಪಾರ್ಕ್ ಮಾಡಿರುವ ಊರು ಅದು. ಹೋಗಿ ಬಂದ ಮೇಲೆ ಬೀದಿಯವರು, ಆಫೀಸಿನವರು ಕೇಳುತ್ತಲೇ ಇದ್ದಾರೆ: ಹೇಗೆ ಹೋದ್ರಿ, ಮಕ್ಕಳಿಗೆ ಬೋರ್ ಆಗಲ್ವಾ, ಅಷ್ಟು ದೂರ ಹೋಗಿ ನೋಡೋದು ಏನಿದೆ? ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಅಲ್ಲಿ ನೋಡಬೇಕಿರುವುದು ಕಲ್ಲು. ಬಾಯಿ ತೆರೆದು ನಿಂತ ಫೈಬರ್ ಡೈನೋಸಾರ್‌ಗಳೂ ಇವೆ. ಅವುಗಳ ಪಕ್ಕ ಫೋಟೋ ತೆಗೆಸಿಕೊಳ್ಳುವುದಷ್ಟೇ ಆಸೆಯಾಗಿದ್ದರೆ ಹೋಗಿ ಬರುವ ಎರಡು ದಿನದ ರೈಲು ಪ್ರಯಾಣ ದಂಡ. ಕಲ್ಲು ನೋಡುವ ಕಣ್ಣು ಇದ್ದರೆ ಮಾತ್ರ ಆ ಜಾಗ ಮಾತಾಡುತ್ತದೆ. ಆ ಕಣ್ಣನ್ನು ಇಲ್ಲೇ, ನಮ್ಮ ಕಡೆಯಲ್ಲೇ ತಯಾರು ಮಾಡಿಕೊಂಡು ಹೊರಡಬಹುದು.

ನಮ್ಮ ಕಡೆ ಯಾಕಿಲ್ಲ?

ಮಕ್ಕಳು ಕೇಳೇ ಕೇಳುತ್ತಾರೆ. ನಾನು ಹೇಳಿದ ರೀತಿ ಇದು, ನಿಮಗೂ ಉಪಯೋಗಕ್ಕೆ ಬಂದೀತು.

ದುರ್ಗದ ಗ್ರಾನೈಟ್‌ಗೆ ಸುಮಾರು 260 ಕೋಟಿ ವರ್ಷ. ದಾವಣಗೆರೆಯಿಂದ ಬೆಂಗಳೂರಿಗೂ ಹೆಚ್ಚುಕಮ್ಮಿ 260 ಕಿಲೋಮೀಟರ್. ಹಾಗಾಗಿ ಒಂದು ಕಿಲೋಮೀಟರ್ ಅಂದರೆ ಒಂದು ಕೋಟಿ ವರ್ಷ ಅಂತ ಇಟ್ಟುಕೊಳ್ಳಿ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವಾಗ ದುರ್ಗದ ಕಲ್ಲು ಗಟ್ಟಿಯಾಗುತ್ತಿದೆ. ಹಿರಿಯೂರು ಬಂತು, ಡೈನೋಸಾರ್ ಇಲ್ಲ. ಶಿರಾ, ತುಮಕೂರು ದಾಟಿದರೂ ಇಲ್ಲ. ನೆಲಮಂಗಲ ಕಳೆದು ಬೆಂಗಳೂರು ಇನ್ನು 23 ಕಿಲೋಮೀಟರ್ ಇದೆ ಅನ್ನುವಾಗ ಮೊದಲ ಡೈನೋಸಾರ್ ಕಾಣಿಸಿಕೊಳ್ಳುತ್ತದೆ. ಯಶವಂತಪುರದ ಹತ್ತಿರ, ಅಂದರೆ 6.6 ಕೋಟಿ ವರ್ಷದ ಹಿಂದೆ, ಅವುಗಳ ಕಥೆ ಮುಗಿಯುತ್ತದೆ. ಮನುಷ್ಯ ಬರುವುದು ಮೆಜೆಸ್ಟಿಕ್‌ನಲ್ಲಿ ಬಸ್ ಪ್ಲಾಟ್‌ಫಾರ್ಮಿಗೆ ತಿರುಗುವ ಕೊನೆಯ 30 ಮೀಟರಿನಲ್ಲಿ.

ಮಗ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ನಮ್ ಕಲ್ಲು ಡೈನೋಸಾರ್‌ಗೂ ತಾತ" ಅಂದ. ಅಷ್ಟು ಅರ್ಥವಾದರೆ ಸಾಕು.

ಅದೂ ಅಲ್ಲದೆ ಗ್ರಾನೈಟ್ ಆಗುವುದು ನೆಲದಾಳದಲ್ಲಿ, ಕರಗಿದ ಕಲ್ಲು ನಿಧಾನಕ್ಕೆ ಆರಿ. ಅದರೊಳಗೆ ಮೂಳೆ ಉಳಿಯುವ ಮಾತೇ ಇಲ್ಲ. ಮೂಳೆ ಉಳಿಯಬೇಕಾದರೆ ಮಣ್ಣು, ಮರಳು, ಸುಣ್ಣ ಪದರ ಪದರವಾಗಿ ಕೂತು ಕಲ್ಲಾಗಬೇಕು. ಸತ್ತ ಪ್ರಾಣಿ ಬೇಗ ಹೂತುಹೋಗಬೇಕು. ಹಾಗಂತ ನಮ್ಮ ಕಡೆ ಜೀವದ ಗುರುತೇ ಇಲ್ಲ ಅಂತಲ್ಲ. ದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಟೊಲೈಟ್ ಇವೆ. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರ ಪದರವಾಗಿ ಕಟ್ಟಿದ ಗುರುತು ಅವು. ಅದಕ್ಕೆ ಕೊಂಬೂ ಇಲ್ಲ, ಹಲ್ಲೂ ಇಲ್ಲ. ಮಕ್ಕಳು ಅದಕ್ಕೆ ಮರುಳಾಗುವುದು ಕಷ್ಟ.

ಮೊದಲ ಹೆಜ್ಜೆ: ಮರಡಿಹಳ್ಳಿ

ರೈಲಿಗೆ ಟಿಕೆಟ್ ಮಾಡಿಸುವ ಮುಂಚೆ ಒಂದು ಭಾನುವಾರ ಮರಡಿಹಳ್ಳಿಗೆ ಹೋಗಿಬನ್ನಿ. ದುರ್ಗದಿಂದ ಹಿರಿಯೂರಿನ ಕಡೆಗೆ, ಐಮಂಗಲದ ಹತ್ತಿರ. ಅಲ್ಲಿರುವ ದಿಂಬುಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಎಷ್ಟೋ ಜನ ದಿನಾ ಹೆದ್ದಾರಿಯಲ್ಲಿ ಓಡಾಡುತ್ತಾರೆ, ತಿರುಗಿಯೂ ನೋಡಿರುವುದಿಲ್ಲ. ನಾನೂ ಹಾಗೇ ಇದ್ದೆ.

ಸುಮಾರು 250 ಕೋಟಿ ವರ್ಷದ ಹಿಂದೆ ಅಲ್ಲಿ ನೀರಿನಡಿ ಲಾವಾ ಉಕ್ಕಿತು. ನೀರು ತಾಗಿದ ತಕ್ಷಣ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಹಾಗಾಗಿ ಉದ್ದಕ್ಕೆ ಹರಿಯದೆ ಉಂಡೆ ಉಂಡೆಯಾಗಿ ಉಬ್ಬಿ, ಒಂದರ ಮೇಲೊಂದು ಕೂತುಕೊಂಡಿತು. ಹತ್ತಿ ಗಿರಣಿಯ ಗೋಡೌನಿನಲ್ಲಿ ಅಂಡಿಗೆ ಪೇರಿಸಿದ್ದನ್ನು ನೋಡಿದ ದಾವಣಗೆರೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಿಗೆ ಎರಡು ಕೆಲಸ ಕೊಡಿ. ಒಂದು, ಪ್ರತಿ ದಿಂಬಿನ ಅಂಚು ಹುಡುಕುವುದು. ಬೇಗ ಆರಿದ ಹೊರಗಿನ ಪಟ್ಟಿ ಒಳಗಿಗಿಂತ ನುಣುಪು. ಎರಡು, ದಿಂಬಿನ ಮೇಲೆ ಯಾವುದು, ಕೆಳಗೆ ಯಾವುದು ಅಂತ ಹೇಳುವುದು. ಮೇಲ್ಭಾಗ ಗುಂಡಗೆ ಉಬ್ಬಿರುತ್ತದೆ. ಕೆಳಭಾಗ ಇನ್ನೂ ಮೆತ್ತಗಿದ್ದಾಗ ಅಡಿಯ ಎರಡು ದಿಂಬಿನ ಸಂದಿಗೆ ಇಳಿದು ಮೊನಚಾಗಿರುತ್ತದೆ. ನನ್ನ ಅಕ್ಕನ ಮಗಳು ಹತ್ತು ನಿಮಿಷದಲ್ಲಿ ಹಿಡಿದಳು. ನನಗೆ ಅರ್ಧ ಗಂಟೆ ಬೇಕಾಯಿತು.

ಅಂಚು ಹುಡುಕುವ ಈ ಅಭ್ಯಾಸವೇ ಆಮೇಲೆ ಮೊಟ್ಟೆ ಹುಡುಕುವಾಗ ಕೆಲಸಕ್ಕೆ ಬಂತು.

ಯಾವಾಗ, ಹೇಗೆ

ನವೆಂಬರಿನಿಂದ ಫೆಬ್ರವರಿ. ಬೇಸಿಗೆ ರಜೆಗೆ ಹೋಗುವ ಯೋಚನೆ ಬಿಟ್ಟುಬಿಡಿ. ಏಪ್ರಿಲ್, ಮೇನಲ್ಲಿ ಆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಫಾಸಿಲ್ (ಕಲ್ಲಾಗಿ ಉಳಿದ ಮೂಳೆ, ಮೊಟ್ಟೆ) ಇರುವುದು ಬಯಲಿನಲ್ಲಿ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಆದ್ದರಿಂದ ಸೋಮವಾರ ಮತ್ತು ಹಬ್ಬದ ದಿನ ಬಿಟ್ಟು ಪ್ಲಾನ್ ಮಾಡಿ. ಟಿಕೆಟ್ ದರ, ಸಮಯ ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ದಾವಣಗೆರೆಯಿಂದ ವಡೋದರ, ಅಹಮದಾಬಾದಿಗೆ ನೇರ ರೈಲುಗಳಿವೆ. ಬೆಂಗಳೂರಿನಿಂದ ಜೋಧಪುರ, ಅಜ್ಮೀರ್, ಗಾಂಧಿಧಾಮಕ್ಕೆ ಹೋಗುವ ಗಾಡಿಗಳು, ಮೈಸೂರು–ಅಜ್ಮೀರ್ ಗಾಡಿ, ಎಲ್ಲ ನಮ್ಮೂರ ಮೇಲೇ ಹೋಗುತ್ತವೆ. ದಿನಾ ಇರಲ್ಲ, ವಾರದ ದಿನ ನೋಡಿಕೊಳ್ಳಬೇಕು. ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅವತ್ತೇ ಮಾಡಿಸಿ. ರಾಜಸ್ಥಾನದ ವ್ಯಾಪಾರಸ್ಥರು ಊರಿಗೆ ಹೋಗುವ ಗಾಡಿಗಳಿವು, ಹಬ್ಬದ ಹೊತ್ತಿನಲ್ಲಿ ಸೀಟು ಸಿಗುವುದು ಕಷ್ಟ.

ಕಾರಿನಲ್ಲಿ ಹೋಗುವವರಿಗೆ ದಾರಿ ಕೇಳುವ ಕೆಲಸವೇ ಇಲ್ಲ. ನಮ್ಮೂರ ಪಕ್ಕದ 48ನೇ ಹೆದ್ದಾರಿಯೇ ಪುಣೆ, ಮುಂಬೈ, ಸೂರತ್ ಮೇಲೆ ವಡೋದರಕ್ಕೆ ಹೋಗುತ್ತದೆ. ಆದರೆ 1,000 ಕಿಲೋಮೀಟರಿಗೂ ಜಾಸ್ತಿ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ರೈಲೇ ವಾಸಿ.

ತಿನ್ನೋಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿ ಕಟ್ಟಿಕೊಳ್ಳಿ. ಮಂಡಕ್ಕಿ ತೂಕವಿಲ್ಲ, ಕೆಡಲ್ಲ. ಅಲ್ಲಿಯ ಊಟ ಚೆನ್ನಾಗಿದೆ, ಆದರೆ ಬೇಳೆಗೂ ಬೆಲ್ಲ ಹಾಕುತ್ತಾರೆ. ನಮ್ಮ ಅವ್ವ ಎರಡನೇ ದಿನಕ್ಕೇ ಚಟ್ನಿಪುಡಿ ಡಬ್ಬಿ ಕೈಗೆ ತೆಗೆದುಕೊಂಡರು. ಇನ್ನೊಂದು ವಿಷಯ, ಗುಜರಾತಿನಲ್ಲಿ ಪಾನನಿಷೇಧ ಇದೆ. ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡು ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ.

ಕಿಟಕಿ ಸೀಟು ಮಕ್ಕಳಿಗೆ

ರೈಲಿನಲ್ಲೇ ಅರ್ಧ ಪಾಠ ಆಗಿಹೋಗುತ್ತದೆ. ಹಗಲು ಇದ್ದರೆ ಮೀರಜ್ ದಾಟಿದ ಮೇಲೆ ಬೆಟ್ಟಗಳನ್ನು ನೋಡಿ. ದುರ್ಗದ ಬೆಟ್ಟದ ಹಾಗೆ ಗುಂಡು ಗುಂಡಾಗಿ ಇರಲ್ಲ. ತಲೆ ಚಪ್ಪಟೆ, ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದೊಂದು ಸಲ ಹರಿದ ಲಾವಾ. ಇದೇ ಡೆಕ್ಕನ್ ಟ್ರ್ಯಾಪ್. ಟ್ರ್ಯಾಪ್ ಅಂದರೆ ಬಲೆ ಅಂದುಕೊಂಡಿದ್ದೆ. ಮೆಟ್ಟಿಲು ಅನ್ನುವ ಸ್ವೀಡಿಷ್ ಮಾತಿನಿಂದ ಬಂದ ಹೆಸರಂತೆ.

ಈ ಲಾವಾ ಉಕ್ಕಿದ್ದು ಡೈನೋಸಾರ್‌ಗಳ ಕೊನೆಗಾಲದಲ್ಲಿ. ರೈಯೋಲಿಯ ಮೂಳೆಗಳಿರುವ ಕಲ್ಲಿನ ಪದರಕ್ಕೆ ಲಮೇಟಾ ಅಂತ ಹೆಸರು, ಜಬಲ್ಪುರದ ಹತ್ತಿರದ ಲಮೇಟಾ ಘಾಟ್‌ನಿಂದ ಬಂದದ್ದು. ಲಾವಾದ ರಾಶಿಯ ಕೆಳಗೆ ಸಿಗುವ ಪದರ ಅದು. ಅಂದರೆ ನೀವು ನೋಡಲು ಹೊರಟಿರುವುದು ಈ ಮೆಟ್ಟಿಲುಗಳ ಅಡಿಪಾಯದ ಕಾಲವನ್ನು. ಲೋನಾವಳದ ಘಾಟಿಯಲ್ಲಿ ಸುರಂಗದೊಳಗೆ ಹೊಕ್ಕು ಹೊರಬರುವಾಗ ಎರಡೂ ಕಡೆ ಕಾಣುವ ಕಪ್ಪು ಕಲ್ಲೂ ಇದೇ.

ಬಾಲಾಸಿನೋರ್ ಮುಟ್ಟುವುದು

ರೈಯೋಲಿ ಇರುವುದು ಮಹೀಸಾಗರ ಜಿಲ್ಲೆಯ ಬಾಲಾಸಿನೋರ್ ಪಟ್ಟಣದ ಹತ್ತಿರ. ವಡೋದರದಿಂದಲೂ ಅಹಮದಾಬಾದಿನಿಂದಲೂ ಹೆಚ್ಚುಕಮ್ಮಿ ಒಂದೇ ದೂರ, 90 ಕಿಲೋಮೀಟರ್ ಆಸುಪಾಸು. ಬಾಲಾಸಿನೋರ್‌ವರೆಗೆ ಸರ್ಕಾರಿ ಬಸ್ ಇದೆ, ಅಲ್ಲಿಂದ ಆಟೋ. ನಾಲ್ಕೈದು ಜನ ಇದ್ದರೆ ಟ್ಯಾಕ್ಸಿಯೇ ಸರಿ. ಮ್ಯಾಪಿನಲ್ಲಿ ಹುಡುಕುವಾಗ ಹುಷಾರು, ರೈಯೋಲಿ, ರಹಿಯೋಲಿ ಅಂತ ಎರಡು ಮೂರು ರೀತಿ ಬರೆದಿರುತ್ತಾರೆ. "ಡೈನೋಸಾರ್ ಪಾರ್ಕ್, ಬಾಲಾಸಿನೋರ್" ಅಂದರೆ ಎಲ್ಲರಿಗೂ ಗೊತ್ತು. ಹಿಂದಿ ಸಾಕು.

ಟ್ಯಾಕ್ಸಿ ಮಾತಾಡುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಡ್ರೈವರ್ "ಒಂದು ಗಂಟೆ ಸಾಕು ಸಾರ್, ಬರೀ ಕಲ್ಲು" ಅಂದ. ನಾನೂ ತಲೆ ಆಡಿಸಿದೆ. ಒಂದು ಗಂಟೆ ಆಗುತ್ತಲೇ ಹಾರ್ನ್ ಹೊಡೆಯೋಕೆ ಶುರು ಮಾಡಿದ. ನಾವಿನ್ನೂ ಎರಡನೇ ಮೊಟ್ಟೆ ಹತ್ತಿರ ಕೂತಿದ್ದೆವು. ಕೊನೆಗೆ ವೇಟಿಂಗ್ ಅಂತ ಜಗಳ, ದುಡ್ಡು ಜಾಸ್ತಿ. ಮೊದಲೇ "ಅರ್ಧ ದಿನ ನಿಲ್ಲಬೇಕು" ಅಂತ ಹೇಳಿ ರೇಟು ಮಾತಾಡಿ.

ಬೆಳಿಗ್ಗೆ ತೆರೆಯುವ ಹೊತ್ತಿಗೆ ಅಲ್ಲಿರಿ. ಬಿಸಿಲಿಗೆ ಮಾತ್ರ ಅಲ್ಲ, ಬೆಳಕಿಗೂ. ಬೆಳಗಿನ ಓರೆ ಬೆಳಕಿನಲ್ಲಿ ಕಲ್ಲಿನ ಮೇಲಿನ ಸಣ್ಣ ಉಬ್ಬು ತಗ್ಗುಗಳಿಗೂ ನೆರಳು ಬೀಳುತ್ತದೆ. ಮಧ್ಯಾಹ್ನ ಎಲ್ಲ ಒಂದೇ ತರ ಕಾಣುತ್ತದೆ.

ಮೊದಲು ಬಯಲು, ಆಮೇಲೆ ಮ್ಯೂಸಿಯಂ

ಎಲ್ಲರೂ ಮೊದಲು ಮ್ಯೂಸಿಯಂಗೆ ನುಗ್ಗುತ್ತಾರೆ. ಅಲ್ಲಿ ಏಸಿ ಇದೆ, ದೊಡ್ಡ ಗೊಂಬೆ ಇವೆ, ಪರದೆ ಇದೆ. ಅದನ್ನು ನೋಡಿದ ಮಕ್ಕಳನ್ನು ಆಮೇಲೆ ಬಯಲಿಗೆ ಕರೆದುಕೊಂಡು ಹೋದರೆ "ಅಷ್ಟೇನಾ?" ಅನ್ನುತ್ತವೆ. ತಿರುಗಾಮುರುಗಾ ಮಾಡಿ.

ಬಯಲಿಗೆ ಗೈಡ್ ಬೇಕೇ ಬೇಕು. ಗೈಡ್ ಇಲ್ಲದೆ ಹೋದರೆ ನೀವು ಮೊಟ್ಟೆಯ ಮೇಲೇ ನಿಂತು ಮೊಟ್ಟೆ ಎಲ್ಲಿ ಅಂತ ಹುಡುಕುತ್ತಿರುತ್ತೀರಿ. ಇದು ತಮಾಷೆ ಅಲ್ಲ. ನಮ್ಮ ಹುಡುಗನಿಗೆ ಆಗಿದ್ದು ಅದೇ.

ಜಾಗದ ಕಥೆ ಮೊದಲೇ ತಿಳಿದಿದ್ದರೆ ಒಳ್ಳೆಯದು. 1980ರ ದಶಕದ ಶುರುವಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರಿಗೆ ಇಲ್ಲಿ ಮೂಳೆಗಳು ಸಿಕ್ಕವು. ಇಲಾಖೆಯ ಸುರೇಶ್ ಶ್ರೀವಾಸ್ತವ ಅವರು ಹಲವು ವರ್ಷ ಕೂತು ಮೂಳೆ ಎತ್ತಿದರು, ಯಾವುದು ಎಲ್ಲಿತ್ತು ಅಂತ ನಕ್ಷೆ ಮಾಡಿಟ್ಟರು. ಸುಮಾರು ಇಪ್ಪತ್ತು ವರ್ಷದ ನಂತರ ಅಮೆರಿಕದ ಮತ್ತು ನಮ್ಮ ವಿಜ್ಞಾನಿಗಳು ಸೇರಿ ಆ ನಕ್ಷೆಯನ್ನೇ ಇಟ್ಟುಕೊಂಡು ಮೂಳೆಗಳನ್ನು ಜೋಡಿಸಿದರು. ತಲೆಬುರುಡೆಯ ಒಂದು ಭಾಗ, ಬೆನ್ನು, ಸೊಂಟ, ಹಿಂಗಾಲು, ಬಾಲ. 2003ರಲ್ಲಿ ಹೆಸರಿಟ್ಟರು: ರಾಜಾಸಾರಸ್ ನರ್ಮದೆನ್ಸಿಸ್. ನರ್ಮದೆಯ ರಾಜಹಲ್ಲಿ. ಹಣೆಯ ಮೇಲೆ ಒಂದೇ ಒಂದು ಗಿಡ್ಡ ಕೊಂಬು, ಮಾಂಸ ತಿನ್ನುವ ಪ್ರಾಣಿ. 2010ರಲ್ಲಿ ಇನ್ನೊಂದಕ್ಕೆ ಊರಿನ ಹೆಸರೇ ಬಂತು: ರಹಿಯೋಲಿಸಾರಸ್ ಗುಜರಾತೆನ್ಸಿಸ್. ಮಕ್ಕಳಿಗೆ ಈ ಎರಡು ಹೆಸರು ರೈಲಿನಲ್ಲೇ ಬಾಯಿಪಾಠ ಮಾಡಿಸಿ. ಟಿ-ರೆಕ್ಸ್ ಹುಡುಕುತ್ತಾ ಕೂರಬಾರದು. ಅದು ಅಮೆರಿಕದ್ದು, ಇಲ್ಲಿ ಇರಲೇ ಇಲ್ಲ.

ಈಗ ನೋಡುವ ರೀತಿ. ಮೂಳೆಯನ್ನು ಗುರುತಿಸುವುದು ಬಣ್ಣದಿಂದ ಮತ್ತು ಒಳಮೈಯಿಂದ. ಸುತ್ತಲಿನ ಕಲ್ಲಿಗೂ ಅದಕ್ಕೂ ಬಣ್ಣ ಸ್ವಲ್ಪ ಬೇರೆ. ಒಡೆದ ಕಡೆ ಬಗ್ಗಿ ನೋಡಿದರೆ ಸಣ್ಣ ಸಣ್ಣ ತೂತು ಕಾಣುತ್ತದೆ, ಒಣಗಿದ ಬ್ರೆಡ್ಡಿನ ಚೂರಿನ ಹಾಗೆ. ಮಜ್ಜೆ ಇದ್ದ ಜಾಗ ಅದು. ಸುಮ್ನೆ ಕಲ್ಲಾದರೆ ಹಾಗೆ ಇರಲ್ಲ. ಒಂದು ಸಣ್ಣ ಭೂತಗನ್ನಡಿ ಜೇಬಿನಲ್ಲಿರಲಿ, ಅಂಚೆಚೀಟಿ ನೋಡುವಂಥದ್ದೇ ಸಾಕು.

ಮೊಟ್ಟೆ ಇನ್ನೂ ಮೋಸ ಮಾಡುತ್ತದೆ. ಗುಂಡಗಿದ್ದದ್ದೆಲ್ಲ ಮೊಟ್ಟೆ ಅಲ್ಲ. ದುರ್ಗದಲ್ಲಿ ಗುಂಡುಕಲ್ಲಿಗೇನು ಬರವೇ? ಅಂಚು ನೋಡಬೇಕು. ಬಂಡೆ ಸವೆದು ಮೊಟ್ಟೆ ಅಡ್ಡಕ್ಕೆ ಕತ್ತರಿಸಿದಂತಾಗಿರುವ ಕಡೆ ಬಳೆಯ ಹಾಗೆ ಒಂದು ತೆಳು ಗೆರೆ ಸುತ್ತಲೂ ಕಾಣುತ್ತದೆ. ಅದೇ ಸಿಪ್ಪೆ. ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೇ. ಒಳಗೆ ಲೋಳೆ ಇದ್ದ ಜಾಗದಲ್ಲಿ ಈಗ ಕಲ್ಲು ತುಂಬಿದೆ. ಈ ಮೊಟ್ಟೆಗಳು ಟೈಟನೋಸಾರ್ ಅನ್ನುವ ಉದ್ದ ಕತ್ತಿನ ಸೊಪ್ಪು ತಿನ್ನುವ ಪ್ರಾಣಿಗಳದ್ದು. ಅಗಲ ಒಂದು ಗೇಣಿಗಿಂತ ಕಮ್ಮಿ, 15 ಸೆಂಟಿಮೀಟರ್ ಆಸುಪಾಸು. ಅಷ್ಟು ದೊಡ್ಡ ಪ್ರಾಣಿಗೆ ಇಷ್ಟೇನಾ ಮೊಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ಸಿಕ್ಕಿದರೆ ಅಕ್ಕಪಕ್ಕ ನೋಡಿ, ಗೂಡಿನಲ್ಲಿ ಇನ್ನೂ ಇರುತ್ತವೆ.

ಅಕ್ಕನ ಮಗಳು ಕೇಳಿದಳು, "ಮಾಮ, ತಾಯಿ ಕಾವು ಕೊಡ್ತಿತ್ತಾ?" ಕೊಟ್ಟರೆ ಆಮ್ಲೆಟ್ ಆಗುತ್ತಿತ್ತು. ಮೊಸಳೆಯ ಹಾಗೆ ಆಳವಿಲ್ಲದ ಗುಂಡಿಯಲ್ಲಿ ಇಟ್ಟು ಮುಚ್ಚುತ್ತಿದ್ದವು ಅಂತ ವಿಜ್ಞಾನಿಗಳ ಅಂದಾಜು. ಪಕ್ಕದ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳ ಅಧ್ಯಯನ 2023ರಲ್ಲಿ ಬಂತು. ಗೂಡುಗಳು ಎಷ್ಟು ಒತ್ತೊತ್ತಾಗಿದ್ದವು ಅಂದರೆ ತಾಯಂದಿರು ನಡುವೆ ನಿಂತು ನೋಡಿಕೊಳ್ಳೋಕೆ ಜಾಗವೇ ಇರಲಿಲ್ಲ. ಇಟ್ಟು ಹೊರಟುಹೋಗುತ್ತಿದ್ದವು.

ಹೊರಟುಹೋದ ಮೇಲೆ ಯಾರು ಬರುತ್ತಿದ್ದರು? ಇದನ್ನು ಅಲ್ಲೇ, ಮೊಟ್ಟೆಯ ಮುಂದೆ ಕೂರಿಸಿ ಹೇಳಿ. ಗುಜರಾತಿನ ಧೋಳಿ ಡುಂಗ್ರಿ ಅನ್ನುವಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ 1980ರ ದಶಕದಲ್ಲಿ ಒಂದು ಗೂಡು ಸಿಕ್ಕಿತು. ಮೊಟ್ಟೆಗಳ ಜೊತೆ ಸಣ್ಣ ಮೂಳೆಗಳಿದ್ದವು. ಎಲ್ಲ ಡೈನೋಸಾರ್ ಮರಿಯದ್ದೇ ಅಂದುಕೊಂಡಿದ್ದರು. 2001ರಲ್ಲಿ ಇನ್ನೊಬ್ಬ ವಿಜ್ಞಾನಿ ನೋಡಿ, ಇದರಲ್ಲಿ ಹಾವಿನ ಬೆನ್ನುಮೂಳೆ ಇದೆ ಅಂದರು. ಮೂರೂವರೆ ಮೀಟರ್ ಹಾವು ಒಡೆದ ಮೊಟ್ಟೆಗೆ ಸುತ್ತಿಕೊಂಡು ಕೂತಿದೆ, ಪಕ್ಕದಲ್ಲೇ ಅರ್ಧ ಮೀಟರ್ ಮರಿ. ಹಾಗೇ ಮೂರೂ ಮಣ್ಣಲ್ಲಿ ಹೂತುಹೋಗಿವೆ. ಆ ಹಾವಿಗೆ 2010ರಲ್ಲಿ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು. ಕಥೆ ಮುಗಿದ ಮೇಲೆ ಮಗ ಕಾಲು ಮಡಚಿಕೊಂಡು ಕೂತ.

ಅವ್ವನನ್ನು ಕರೆದುಕೊಂಡು ಹೋಗಿದ್ದು ಮನೆಯಲ್ಲಿ ಒಬ್ಬರೇ ಆಗುತ್ತಾರೆ ಅಂತ. ಆದರೆ ಇಡೀ ಪ್ರವಾಸದಲ್ಲಿ ಸರಿಯಾಗಿ ನೋಡಿದವರು ಅವರೇ. ಮೊಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಮ್ ಒರಳಿನ ಗುಂಡಿನ ಹಂಗೈತಲ್ಲೋ ಇದು" ಅಂದರು. ಆ ಮಾತು ಬರೀ ಮಾತಲ್ಲ. ಬಾಲಾಸಿನೋರ್‌ನ ಹಿಂದಿನ ನವಾಬ ಮನೆತನದ ಆಲಿಯಾ ಸುಲ್ತಾನಾ ಬಾಬಿ ಈ ಜಾಗವನ್ನು ಉಳಿಸಲು ವರ್ಷಗಟ್ಟಲೆ ಓಡಾಡಿದವರು, ಬಂದವರಿಗೆ ತಾವೇ ತೋರಿಸಿದವರು. ಹಳ್ಳಿಯ ಮುದುಕಿಯೊಬ್ಬರು ಮಸಾಲೆ ಅರೆಯಲು ಬಳಸುತ್ತಿದ್ದ ಗುಂಡುಕಲ್ಲು ನೋಡಿದರೆ ಡೈನೋಸಾರ್ ಮೊಟ್ಟೆ ಆಗಿತ್ತು ಅಂತ ಅವರು ಹೇಳುತ್ತಾರೆ. ಧಾರ್ ಕಡೆಯಂತೂ ಹೊಲ ಕಾಯುವ ಭೈರವ ಅಂತ ಪೂಜೆ ಮಾಡುತ್ತಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆ ಅಂತ 2023ರಲ್ಲಿ ಸುದ್ದಿಯಾಯಿತು. ಅವ್ವನಿಗೆ ಇದನ್ನು ಹೇಳಿದೆ. "ಕಲ್ಲಿಗೆ ಕೈ ಮುಗಿಯೋದು ನಾವೊಬ್ರೇನಾ?" ಅಂದರು.

ಒಂದು ಚೂರೂ ಎತ್ತಿಕೊಂಡು ಬರಬೇಡಿ. ಬೇಲಿ ಬರುವ ಮುಂಚೆ ಜನ ನೆನಪಿಗೆ ಅಂತ ಎತ್ತಿಕೊಂಡು ಹೋಗಿದ್ದೇ ಬೇಕಾದಷ್ಟು. ಹೊರಡುವ ಮುಂಚೆ ಮಕ್ಕಳ ಜೇಬು ನೋಡಿ, ನಾಚಿಕೆ ಬೇಡ. ನನ್ನ ಮಗನ ಜೇಬಿನಲ್ಲಿ ಎರಡು ಕಲ್ಲಿದ್ದವು. ಗೈಡ್ ನೋಡಿ ನಕ್ಕು, ಒಂದು ರಸ್ತೆಯ ಜಲ್ಲಿ, ಇನ್ನೊಂದು ಸಿಪ್ಪೆಯ ಚೂರು ಇರಬಹುದು ಅಂದರು. ಎತ್ತಿದ ಜಾಗದಲ್ಲೇ ಇಡಿಸಿದೆವು. ಯಾವ ಜಾಗ ಅನ್ನುವುದಕ್ಕೇ ಬೆಲೆ ಅಂತ ಗೈಡ್ ಹೇಳಿದರು, ಶ್ರೀವಾಸ್ತವ ಅವರ ನಕ್ಷೆಯ ಕಥೆ ಮಗನಿಗೆ ಆಗ ನೆನಪಾಯಿತು. ನೆನಪಿಗೆ ಬೇಕಾದರೆ ಕಲ್ಲಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅಳತೆ ಗೊತ್ತಾಗುತ್ತದೆ.

ಮ್ಯೂಸಿಯಂ 2019ರ ಜೂನ್‌ನಲ್ಲಿ ಶುರುವಾಗಿದ್ದು. ಬಯಲು ನೋಡಿ ಸುಸ್ತಾದ ಮೇಲೆ ಒಳಗೆ ಹೋದರೆ ಹಿತವಾಗಿರುತ್ತದೆ. ಗಾಜಿನೊಳಗಿನ ಫಾಸಿಲ್‌ಗಳ ಮುಂದೆ ನಿಲ್ಲಿ. ಬಯಲಿನಲ್ಲಿ ಅರೆಬರೆ ಕಂಡದ್ದು ಇಲ್ಲಿ ಬಿಡಿಯಾಗಿ ಕಾಣುತ್ತದೆ. ಉಳಿದದ್ದನ್ನು ಮಕ್ಕಳಿಗೆ ಬಿಟ್ಟು ನೀವು ಕೂತುಕೊಳ್ಳಿ.

ಅಷ್ಟು ದೂರ ಆಗಲ್ಲ ಅನ್ನುವವರಿಗೆ

ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಲ್ಲಿ ಕೋಟಾಸಾರಸ್ ಅನ್ನುವ ಉದ್ದ ಕತ್ತಿನ ಡೈನೋಸಾರಿನ ಇಡೀ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಗೋದಾವರಿ ಕಣಿವೆಯ ಯಮನಪಲ್ಲಿಯಲ್ಲಿ ಸಿಕ್ಕ, ಬೇರೆ ಬೇರೆ ಪ್ರಾಣಿಗಳ ಮೂಳೆ ಸೇರಿಸಿ ಜೋಡಿಸಿದ್ದು. ರಾಜಾಸಾರಸ್‌ಗಿಂತ ಎಷ್ಟೋ ಹಳೆಯದು. ರೈಯೋಲಿಯಲ್ಲಿ ಇಡೀ ಪ್ರಾಣಿ ನಿಂತಿರುವುದನ್ನು ಹೀಗೆ ನೋಡೋಕೆ ಆಗಲ್ಲ. ಹೈದರಾಬಾದಿನಲ್ಲಿ ನೆಲದೊಳಗೆ ಇದ್ದ ಹಾಗೆ ನೋಡೋಕೆ ಆಗಲ್ಲ. ಎರಡೂ ನೋಡಿದರೆ ಒಳ್ಳೆಯದು, ಒಂದೇ ಅಂದರೆ ನಾನು ರೈಯೋಲಿಗೇ ಹೋಗುತ್ತೇನೆ.

ವಾಪಸ್ ಟಿಕೆಟ್ ಮರುದಿನಕ್ಕೆ ಮಾಡಿಸಿ, ಅವತ್ತೇ ರಾತ್ರಿಗೆ ಬೇಡ. ಬಿಸಿಲಲ್ಲಿ ಬಗ್ಗಿ ಬಗ್ಗಿ ನೋಡಿ ಸೊಂಟ ಹಿಡಿದಿರುತ್ತದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಸದ್ದು. ಮಿಕ್ಸಿ ಬಂದ ಮೇಲೆ ಯಾರೂ ಮುಟ್ಟದ ಒರಳಿನ ಗುಂಡನ್ನು ಇಬ್ಬರೂ ಸೇರಿ ಉರುಳಿಸಿ, ಭೂತಗನ್ನಡಿ ಹಿಡಿದು ಸುತ್ತಲೂ ಅಂಚು ಹುಡುಕುತ್ತಿದ್ದರು. ಗೆರೆ ಸಿಗಲಿಲ್ಲ. "ನೋಡಿದ್ ಮೇಲೆ ತೊಳ್ದು ಇದ್ದಲ್ಲೇ ಇಡ್ರೋ" ಅಂದರು ಅವ್ವ, ಅಡುಗೆಮನೆಯಿಂದ.